ಅಗೆಯುವ ಚಾಕು: ಅಲಗಿಗಿಂತ ಕತ್ತು ನೋಡಿ

ಕೈತೋಟದ ಸಲಕರಣೆ ಮಾರುವ ಅಂಗಡಿಗಳಲ್ಲಿ ಅಗೆಯುವ ಚಾಕುವನ್ನು ಕೈಗೆತ್ತಿಕೊಂಡವರು ಮೊದಲು ಹೆಬ್ಬೆರಳನ್ನು ಅಂಚಿನ ಮೇಲೆ ಅಡ್ಡಲಾಗಿ ಆಡಿಸಿ ಹರಿತ ನೋಡುತ್ತಾರೆ. ಆಮೇಲೆ ಹೊಳಪು ನೋಡುತ್ತಾರೆ, ತುಕ್ಕು ಹಿಡಿಯುವುದಿಲ್ಲ ತಾನೇ ಎಂದು ವಿಚಾರಿಸುತ್ತಾರೆ, ದುಡ್ಡು ಕೊಟ್ಟು ಮನೆಗೆ ತರುತ್ತಾರೆ. ತರಕಾರಿ ಹೆಚ್ಚುವ ಚಾಕುವಿಗೆ ಈ ಪರೀಕ್ಷೆ ಸಾಕು. ಮಣ್ಣಿಗಿಳಿಯುವ ಚಾಕುವಿಗೆ ಇದು ಸಾಲದು, ಕೆಲವೊಮ್ಮೆ ದಾರಿಯನ್ನೂ ತಪ್ಪಿಸುತ್ತದೆ. ಯಾಕೆಂದರೆ ಇಂಥ ಚಾಕು ಕೈಕೊಡುವುದು ಹರಿತ ಹೋಗಿ ಅಲ್ಲ. ಅಲಗು ಹಿಡಿಯನ್ನು ಸೇರುವ ಜಾಗದಲ್ಲಿ, ಅಂದರೆ ಕತ್ತಿನಲ್ಲಿ, ಬಾಗಿಯೋ ಮುರಿದೋ ಕೈಕೊಡುತ್ತದೆ. ಹೆಸರಿನಲ್ಲಿ ಚಾಕು ಇದ್ದರೂ ಅದರ ದಿನದ ಕೆಲಸ ಮೀಟುವುದು. ಮಣ್ಣಿಗೆ ಚುಚ್ಚಿ, ಹಿಡಿಯನ್ನು ಹಿಂದಕ್ಕೆಳೆದು, ಬೇರಿನ ಸಮೇತ ಹೆಂಟೆ ಎಬ್ಬಿಸುವ ಸಣ್ಣ ಹಾರೆ ಅದು. ಆದ್ದರಿಂದ ಕೊಳ್ಳುವಾಗ ಹಾರೆಯ ಕಣ್ಣಿನಿಂದ ನೋಡಬೇಕು, ಅಂಚನ್ನು ಕೊನೆಗೆ ನೋಡಿದರೂ ನಡೆಯುತ್ತದೆ ಎಂಬುದು ಈ ಬರಹದ ವಾದ.

ಆನ್‌ಲೈನ್ ಮಾರುಕಟ್ಟೆಯಲ್ಲಿ ‘ಹೊರಿ ಹೊರಿ’ ಎಂದು ಸಿಗುವ ಈ ಸಾಧನದ ತವರು ಜಪಾನು. ಬೆಟ್ಟಗಳಿಂದ ಕಾಡುಸೊಪ್ಪು, ಗಡ್ಡೆಗೆಣಸು ಕಿತ್ತು ತರುವವರು, ಬೋನ್ಸಾಯ್‌ಗೆಂದು ಕಲ್ಲುಸಂದಿಯ ಗಿಡಗಳನ್ನು ಬೇರುಸಹಿತ ಎಬ್ಬಿಸುವವರು ಇದನ್ನು ಬಳಸುತ್ತ ಬಂದರು. ಸಸ್ಯಗಳ ಮಾದರಿ ಸಂಗ್ರಹಿಸುವ ವಿಜ್ಞಾನಿಗಳ ಚೀಲಕ್ಕೂ ಅದು ಸೇರಿತು. ನೀಗಾತಾ ಪ್ರಾಂತ್ಯದ ಸಾಂಜೋ ಎಂಬ ಊರು ಇಂದಿಗೂ ಇವುಗಳ ತಯಾರಿಕೆಗೆ ಹೆಸರಾಗಿದೆ. ಎದೋ ಕಾಲದಲ್ಲಿ ರೈತರು ಉಪಕಸುಬಾಗಿ ಮೊಳೆ ಬಡಿಯಲು ತೊಡಗಿದ್ದರಿಂದ ಬೆಳೆದ ಕಮ್ಮಾರರ ಊರು ಅದು. ಚಾಕುವಿನ ಒಟ್ಟು ಉದ್ದ ಸುಮಾರು 30 ಸೆಂ.ಮೀ., ಅದರಲ್ಲಿ ಅಲಗಿನ ಪಾಲು 16ರಿಂದ 18 ಸೆಂ.ಮೀ. ಒಂದು ಅಂಚು ನೇರ, ಇನ್ನೊಂದಕ್ಕೆ ಕಕ್ಕು ಹಾಕಿರುತ್ತಾರೆ. ಅಲಗಿನ ಮೈ ಒಂದು ಬದಿಗೆ ಸ್ವಲ್ಪ ತಗ್ಗಾಗಿರುವುದರಿಂದ ಬೇರಿನ ಜೊತೆ ಮಣ್ಣೂ ಎದ್ದು ಬರುತ್ತದೆ. ಅನೇಕ ಚಾಕುಗಳ ಮೇಲೆ ಆಳ ನೋಡಲು ಅಳತೆಯ ಗೀಟುಗಳೂ ಇರುತ್ತವೆ.

ಈ ಉದ್ದ ಸುಮ್ಮನೆ ಬಂದದ್ದಲ್ಲ. ಕೊನ್ನಾರಿಯನ್ನೇ ತೆಗೆದುಕೊಳ್ಳಿ. ಎಲೆ ಹಿಡಿದು ಎಳೆದರೆ ಬುಡದಲ್ಲಿ ಪಟ್ಟನೆ ಕಿತ್ತು ಬರುತ್ತದೆ, ಕಳೆ ಹೋಯಿತೆಂದು ಸಮಾಧಾನವಾಗುತ್ತದೆ. ಎರಡು ವಾರದಲ್ಲಿ ಅದೇ ಜಾಗದಲ್ಲಿ ಮತ್ತೆ ಹಸಿರು ಮೊನೆ. ಕೆಳಗೆ ಕಡಲೆಕಾಳಿನಿಂದ ಅಡಿಕೆಯ ಗಾತ್ರದವರೆಗಿನ ಕಪ್ಪು ಗಡ್ಡೆಗಳು ತಂತಿಯಂಥ ಬಳ್ಳಿಯಲ್ಲಿ ಒಂದಕ್ಕೊಂದು ಪೋಣಿಸಿಕೊಂಡಿರುತ್ತವೆ. ಒಂದು ಉಳಿದರೂ ಸಾಕು, ಮತ್ತೆ ಸಂಸಾರ ಹೂಡುತ್ತದೆ. ಈ ಗಡ್ಡೆಗಳ ಬಹುಪಾಲು ಮೇಲಿನ 15 ಸೆಂ.ಮೀ. ಮಣ್ಣಿನಲ್ಲಿರುತ್ತವೆ. ಬುಡದಿಂದ ನಾಲ್ಕು ಬೆರಳು ಆಚೆ ಚಾಕುವನ್ನು ಓರೆಯಾಗಿ ಪೂರ್ತಿ ಇಳಿಸಿ, ನಿಧಾನವಾಗಿ ಮೀಟಿ, ಸಡಿಲವಾದ ಮಣ್ಣನ್ನು ಇನ್ನೊಂದು ಕೈಯಲ್ಲಿ ಬಿಡಿಸಿದರೆ ಬಳ್ಳಿ ತುಂಡಾಗದೆ ಮಾಲೆಯೇ ಕೈಗೆ ಬರುತ್ತದೆ. ಗುದ್ದಲಿಯಿಂದ ಕಡಿದರೆ ಬಳ್ಳಿ ಹತ್ತು ಕಡೆ ತುಂಡಾಗಿ ಹತ್ತು ಗಿಡವಾಗುತ್ತದೆ. ಗರಿಕೆಯದೂ ಇದೇ ಕಥೆ. ಸುಗಂಧರಾಜದ ಗಡ್ಡೆ ಒಡೆದು ನೆಡುವುದು, ಅರಿಶಿನದ ಬುಡ ಬಿಡಿಸುವುದು, ಕುಂಡದಲ್ಲಿ ಬೇರು ಸುತ್ತಿಕೊಂಡ ಗಿಡವನ್ನು ಅಂಚಿನುದ್ದಕ್ಕೂ ಕೊಯ್ದು ಹೊರತೆಗೆಯುವುದು ಇವೆಲ್ಲವೂ ಇದೇ ಬಗೆಯ ಕೆಲಸಗಳು: ಚುಚ್ಚು, ಕೊಯ್ಯಿ, ಮೀಟು. ಮೂರರಲ್ಲಿ ಚಾಕುವಿಗೆ ಹೆಚ್ಚು ಪೆಟ್ಟು ಬೀಳುವುದು ಮೂರನೆಯದರಲ್ಲಿ.

ಆ ಪೆಟ್ಟು ಎಷ್ಟು ಎಂಬುದನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. ಅಲಗು ಪೂರ್ತಿ ಮಣ್ಣಿನಲ್ಲಿದೆ, ಕತ್ತಿನಿಂದ 10 ಸೆಂ.ಮೀ. ಮೇಲೆ ಹಿಡಿಯನ್ನು 15 ಕೆ.ಜಿ. ಬಲದಿಂದ ಎಳೆಯುತ್ತಿದ್ದೀರಿ ಎಂದುಕೊಳ್ಳಿ. ಮೊಂಡು ಬೇರು ಸಿಕ್ಕಾಗ ಯಾರೂ ಗೊತ್ತಿಲ್ಲದೆಯೇ ಹಾಕುವ ಬಲ ಅದು. ಆಗ ಚಾಕುವನ್ನು ಬಗ್ಗಿಸುವ ಬಲ ಅತಿ ಹೆಚ್ಚಿರುವುದು ಕತ್ತಿನಲ್ಲಿ. ಅಲ್ಲಿ ಉಕ್ಕು 30 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಇದ್ದರೆ ಅದರ ಮೇಲೆ ಬೀಳುವ ಒತ್ತಡ ಪ್ರತಿ ಚದರ ಮಿಲಿಮೀಟರಿಗೆ ಸುಮಾರು 33 ಕೆ.ಜಿ. ಹಿಡಿಯೊಳಗೆ ಹೋಗುವ ಭಾಗ 10 ಮಿ.ಮೀ. ಅಗಲ, 2 ಮಿ.ಮೀ. ದಪ್ಪಕ್ಕೆ ಸೊರಗಿದ್ದರೆ ಅದೇ ಒತ್ತಡ 225 ಕೆ.ಜಿ. ಆಗುತ್ತದೆ. ಗೇಟು, ಕಿಟಕಿ ಸರಳುಗಳಿಗೆ ಬಳಸುವ ಮೈಲ್ಡ್ ಸ್ಟೀಲ್ ಸುಮಾರು 25 ಕೆ.ಜಿ.ಗೇ ಬಾಗಿ ಹಾಗೇ ಉಳಿದುಬಿಡುತ್ತದೆ. ಸರಿಯಾಗಿ ಹದ ಹಾಕಿದ ಸ್ಪ್ರಿಂಗ್ ಉಕ್ಕು 100 ಕೆ.ಜಿ. ದಾಟಿದರೂ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಈ ನಾಲ್ಕು ಅಂಕಿಗಳನ್ನು ಒಟ್ಟಿಗೆ ಇಟ್ಟರೆ ಎರಡು ವಿಷಯ ಸ್ಪಷ್ಟ. ಕತ್ತು ಅಗಲವಾಗಿದ್ದರೂ ಉಕ್ಕು ಸಾಧಾರಣದ್ದಾದರೆ ಚಾಕು ಬಾಗುತ್ತದೆ. ಕತ್ತು ಸೊರಗಿದ್ದರೆ ಎಷ್ಟು ಒಳ್ಳೆಯ ಉಕ್ಕಾದರೂ ಅದನ್ನು ಉಳಿಸಲಾರದು. ದಪ್ಪದ ಮಹಿಮೆ ಇನ್ನೂ ದೊಡ್ಡದು: ಬಗ್ಗುವುದನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 2 ಮಿ.ಮೀ. ಪಟ್ಟಿ 3 ಮಿ.ಮೀ. ಆದರೆ ಶಕ್ತಿ ಒಂದೂವರೆ ಪಟ್ಟು ಆಗದೆ ಎರಡೂಕಾಲು ಪಟ್ಟು ಆಗುತ್ತದೆ.

ಅಂಗಡಿಯಲ್ಲಿ ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಚಾಕುವನ್ನು ಅಡ್ಡಲಾಗಿ ಹಿಡಿದು ಹಿಡಿಯ ಬೆನ್ನನ್ನು ನೋಡಿ. ಎರಡು ಮರದ ಹೋಳುಗಳ ನಡುವೆ ಉಕ್ಕಿನ ಪಟ್ಟಿ ತುದಿಯವರೆಗೂ ಹಾದುಹೋಗಿದ್ದು ಕಣ್ಣಿಗೆ ಕಂಡರೆ ಅರ್ಧ ಚಿಂತೆ ಕಳೆಯಿತು. ಅಲಗು ಮತ್ತು ಹಿಡಿಯೊಳಗಿನ ಉಕ್ಕು ಒಂದೇ ತುಂಡು ಎಂದು ಅರ್ಥ. ಅದನ್ನು ಕನಿಷ್ಠ ಎರಡು, ಸಾಧ್ಯವಾದರೆ ಮೂರು ರಿವೆಟ್ಟುಗಳಿಂದ ಬಿಗಿದಿರಬೇಕು. ಉಕ್ಕು ಕಾಣದೆ ಹಿಡಿಯೊಳಗೆ ಎಲ್ಲೋ ಮರೆಯಾಗಿದ್ದರೆ ಅದರ ಬಾಲ ಎಷ್ಟುದ್ದ, ಎಷ್ಟು ದಪ್ಪ ಎಂದು ಕೇಳಬೇಕು. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಬಿಟ್ಟುಬಿಡುವುದೇ ಲೇಸು. ಬಾಲ ಹಿಡಿಯೊಳಗಿರುವ ಚಾಕುಗಳೆಲ್ಲ ಕೆಟ್ಟವು ಎನ್ನಲಾಗದು. ಬಾಲ ದಪ್ಪವಾಗಿ ಹಿಡಿಯ ತುದಿಯವರೆಗೂ ಹೋಗಿ ಅಲ್ಲಿ ಬಡಿದು ಮಡಚಿದ್ದರೆ, ಕತ್ತಿನ ಬಳಿ ಅಣಸು, ಅಂದರೆ ಲೋಹದ ಬಳೆ, ಬಿಗಿಯಾಗಿ ಕೂತಿದ್ದರೆ ಅದೂ ವರ್ಷಗಟ್ಟಲೆ ಬಾಳುತ್ತದೆ. ಕೈಬಿಡಬೇಕಾದದ್ದು ತೆಳು ತಗಡನ್ನು ಒತ್ತಿ ಆಕಾರ ಕೊಟ್ಟು, ಅಗಲವಾದ ಅಲಗಿನ ಕೆಳಗೆ ಕಡ್ಡಿಯಂಥ ಕತ್ತು ಬೆಸುಗೆ ಹಾಕಿದವನ್ನು. ಬೆಸುಗೆಯ ಗಂಟು ಕತ್ತಿನಲ್ಲೇ ಕಂಡರೆ ಉಳಿದದ್ದನ್ನು ನೋಡುವ ಅಗತ್ಯವೇ ಇಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ಸಹಜವಾದದ್ದು: ಹರಿತವಿಲ್ಲದ ಚಾಕು ಚಾಕುವೇ? ಬೇರು ಕೊಯ್ಯಲು ಅಂಚು ಬೇಕಲ್ಲ? ಬೇಕು, ಸಂದೇಹವಿಲ್ಲ. ಆದರೆ ಮಣ್ಣಿನಲ್ಲಿ ಯಾವ ಅಂಚೂ ಉಳಿಯುವುದಿಲ್ಲ. ಬೆಂಗಳೂರು, ಕೋಲಾರ, ತುಮಕೂರಿನ ಕೆಮ್ಮಣ್ಣು ಗ್ರಾನೈಟು, ನೈಸ್ ಬಂಡೆಗಳು ಶಿಥಿಲವಾಗಿ ಆದದ್ದು. ಅದರ ಮರಳಿನಲ್ಲಿ ಬೆಣಚುಕಲ್ಲಿನ ಕಣಗಳೇ ಹೆಚ್ಚು. ಬೆಣಚು ಹದ ಹಾಕಿದ ಉಕ್ಕಿಗಿಂತಲೂ ಗಡುಸು. ಹೀಗಾಗಿ ಕ್ಷೌರದ ಕತ್ತಿಯಷ್ಟು ಹರಿತದ ಚಾಕುವನ್ನೇ ತಂದರೂ ಹತ್ತು ಸಲ ಚುಚ್ಚುವಷ್ಟರಲ್ಲಿ ಆ ಹರಿತ ಮಾಯ. ತೆಳುವಾದ ಅಂಚು ಕಲ್ಲು ತಾಗಿ ಹಲ್ಲು ಬಿಡುವುದೂ ಉಂಟು. ಅಂಗಡಿಯ ಹರಿತ ಅಂಗಡಿಯದಷ್ಟೇ. ತೋಟಕ್ಕೆ ಬೇಕಾದದ್ದು 30ರಿಂದ 40 ಡಿಗ್ರಿ ಕೋನದ ದಪ್ಪ ಅಂಚು, ಮೊಂಡಾದಾಗ ಮನೆಯಲ್ಲೇ ಅರದಿಂದ ನಾಲ್ಕು ಸಲ ಉಜ್ಜಿದರೆ ಮತ್ತೆ ಬರುವಂಥ ಅಂಚು. ಬೇರು ಕೊಯ್ಯುವ ನಿಜವಾದ ಕೆಲಸ ಕಕ್ಕು ಹಾಕಿದ ಬದಿಯದು. ಮಣ್ಣಿನ ತಿಕ್ಕಾಟ ಹಲ್ಲಿನ ತುದಿಗೆ ತಾಗುತ್ತದೆ, ನಡುವಿನ ತಗ್ಗುಗಳು ಕಾಪಾಡಿಕೊಳ್ಳುತ್ತವೆ. ಭತ್ತ ಕೊಯ್ಯುವ ಕಕ್ಕುಗುಡುಗೋಲು ಬಹುಕಾಲ ಕೆಲಸಕ್ಕೆ ಬರುವುದೂ ಇದರಿಂದಲೇ. ಹಲ್ಲು ತೀರಾ ಸಣ್ಣದಾಗಿದ್ದರೆ ಹಸಿ ಮಣ್ಣು ತುಂಬಿಕೊಳ್ಳುತ್ತದೆ, ಆದ್ದರಿಂದ ದೊಡ್ಡ, ಆಳವಾದ ಹಲ್ಲು ಒಳ್ಳೆಯದು.

ಅತಿ ಗಡುಸು ಉಕ್ಕಿನ ಮೋಹಕ್ಕೂ ಇದೇ ಉತ್ತರ. ಅಡುಗೆಮನೆಯ ಜಪಾನಿ ಚಾಕುಗಳ ಗಡುಸುತನ ರಾಕ್‌ವೆಲ್ ಅಳತೆಯಲ್ಲಿ 60 ದಾಟುತ್ತದೆ. ಅವು ಟೊಮೆಟೊ ಸಿಪ್ಪೆಯನ್ನು ಕಾಗದದಷ್ಟು ತೆಳ್ಳಗೆ ಕೊಯ್ಯುತ್ತವೆ, ಆದರೆ ಅಡ್ಡ ಮೀಟಿದರೆ ಗಾಜಿನಂತೆ ಸೀಳುತ್ತವೆ. ಉಕ್ಕಿನಲ್ಲಿ ಗಡುಸು ಮತ್ತು ತಾಳಿಕೆ ಒಂದು ಏರಿದರೆ ಇನ್ನೊಂದು ಇಳಿಯುವಂಥವು. ಅಗೆಯುವ ಚಾಕುವಿಗೆ 50ರಿಂದ 55 ಸಾಕು. ಅದಕ್ಕಿಂತ ಹೆಚ್ಚೆಂದು ಹೆಮ್ಮೆಯಿಂದ ಬರೆದಿದ್ದರೆ ಅದನ್ನು ಗುಣವೆಂದು ಎಣಿಸಬೇಕಿಲ್ಲ.

ಎರಡನೆಯ ಆಕ್ಷೇಪ ತುಕ್ಕಿನದು, ಮತ್ತು ಇದು ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಮಲೆನಾಡಿನ ನಾಲ್ಕು ತಿಂಗಳ ಮಳೆ, ಮಂಗಳೂರು ಕಾರವಾರದ ಉಪ್ಪುಗಾಳಿ ಸಾದಾ ಉಕ್ಕನ್ನು ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗಿಸುತ್ತವೆ. ಅಂಥಲ್ಲಿ ಸ್ಟೇನ್‌ಲೆಸ್ ಬೇಡವೆನ್ನುವುದು ಹಟವಾದೀತು. ಆದರೆ ಸ್ಟೇನ್‌ಲೆಸ್ ಎಂದರೆ ಒಂದೇ ಲೋಹವಲ್ಲ. ಶೇ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇರುವ ಹಲವಾರು ಉಕ್ಕುಗಳಿಗೆ ಅದು ಒಟ್ಟು ಹೆಸರು. ಪಾತ್ರೆಗಳಿಗೆ ಬಳಸುವ 304 ದರ್ಜೆಯಲ್ಲಿ ಶೇ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕೆಲ್ ಇರುತ್ತದೆ. ತುಕ್ಕಿಗೆ ಅದು ಗಟ್ಟಿ, ಆದರೆ ಕಾಯಿಸಿ ತಣಿಸಿದರೆ ಅದು ಗಡುಸಾಗುವುದಿಲ್ಲ, ಹದ ಎಂಬುದೇ ಅದಕ್ಕೆ ಹಿಡಿಯದು. ಚಾಕುಗಳಿಗೆಂದೇ ಇರುವ 420ರ ಗುಂಪಿನಲ್ಲಿ ಕ್ರೋಮಿಯಂ ಶೇ 13ರ ಆಸುಪಾಸು, ಜೊತೆಗೆ ಸಾಕಷ್ಟು ಇಂಗಾಲ. ಅದಕ್ಕೆ ಹದ ಹಾಕಬಹುದು. ಇವೆರಡರ ನಡುವೆ ಭೇದ ತಿಳಿಯಲು ಜೇಬಿನಲ್ಲಿ ಒಂದು ಅಯಸ್ಕಾಂತ ಇದ್ದರೆ ಸಾಕು. ಅಯಸ್ಕಾಂತ ಅಲಗಿಗೆ ಅಂಟದಿದ್ದರೆ ಅದು ಪಾತ್ರೆಯ ಜಾತಿಯ ಉಕ್ಕು, ಮೀಟುವ ಕೆಲಸಕ್ಕೆ ಬೇಡ. ಅಂಟಿದರೆ ಮುಂದಿನ ಪರೀಕ್ಷೆಗೆ ಯೋಗ್ಯ ಎಂದಷ್ಟೇ ಅರ್ಥ, ಯಾಕೆಂದರೆ ಮೈಲ್ಡ್ ಸ್ಟೀಲಿಗೂ ಅಂಟುತ್ತದೆ. ಬಯಲುಸೀಮೆಯವರಿಗೆ ಸಾದಾ ಇಂಗಾಲದ ಉಕ್ಕೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಅರಕ್ಕೆ ಬೇಗ ಬಗ್ಗುತ್ತದೆ, ಕೆಲಸ ಮುಗಿದ ಮೇಲೆ ಮಣ್ಣು ಕೆರೆದು ಒರೆಸಿ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ತುಕ್ಕು ಹತ್ತಿರ ಬಾರದು. ಮೇಲುಮೇಲಿನ ತುಕ್ಕು ಚಾಕುವನ್ನು ಮುರಿಯುವುದಿಲ್ಲ. ಹಿಡಿಯ ಸಂದಿಗೆ ನೀರಿಳಿದು ಕಣ್ಣಿಗೆ ಕಾಣದೆ ಕತ್ತನ್ನು ತಿನ್ನುವ ತುಕ್ಕು ಮುರಿಯುತ್ತದೆ. ಅದಕ್ಕೆ ಒರೆಸುವಾಗ ಹೆಚ್ಚು ಗಮನ ಅಲ್ಲಿರಲಿ.

ಈ ಒರೆಸುವ ಅಭ್ಯಾಸಕ್ಕೆ ಇನ್ನೊಂದು ಕಾರಣವೂ ಇದೆ. ಟೊಮೆಟೊ, ಬದನೆ, ಶುಂಠಿಯನ್ನು ಬಾಡಿಸುವ ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ಸಲಕರಣೆಗೆ ಅಂಟಿದ ಮಣ್ಣಿನ ಮೂಲಕವೂ ಸಾಗುತ್ತದೆ. ಬಾಡಿದ ಗಿಡ ಕಿತ್ತ ಚಾಕುವನ್ನು ತೊಳೆದು ಸ್ಪಿರಿಟ್ಟಿನಲ್ಲಿ ಒರೆಸದೆ ಪಕ್ಕದ ಗಿಡದ ಬುಡಕ್ಕೆ ಇಳಿಸಬಾರದು.

ಮೂರನೆಯದು ದುಡ್ಡಿನ ಮಾತು. ನೂರಿನ್ನೂರು ರೂಪಾಯಿಗೆ ಕುರ್ಪಿ ಸಿಗುವಾಗ, ಹೊರಗಿನಿಂದ ಬಂದ ಚಾಕುವಿಗೆ ಸಾವಿರಗಟ್ಟಲೆ ಯಾಕೆ ಸುರಿಯಬೇಕು? ಕುರ್ಪಿಯ ಬಗ್ಗೆ ನ್ಯಾಯವಾಗಿ ಮಾತಾಡಬೇಕು. ಕೂತು ಕಳೆ ಕೀಳುವವರ ಕೈಯಲ್ಲಿ, ಸೊಪ್ಪಿನ ಮಡಿಯಲ್ಲಿ, ನೆಲದ ಮೇಲ್ಪದರ ಕೆರೆದು ಎಳೆಗಳೆಯ ಬುಡ ಹೆರೆಯುವುದರಲ್ಲಿ ಅದನ್ನು ಮೀರಿಸುವ ಸಾಧನ ಇಲ್ಲ. ಅಲ್ಲಿ ಹೊರಿ ಹೊರಿ ಎರಡನೆಯ ಸ್ಥಾನಕ್ಕೂ ಬಾರದು. ಆದರೆ ಕುರ್ಪಿ ಅಡ್ಡಡ್ಡ ಸರಿಯುವ ಕೆಲಸಕ್ಕೆ ಹುಟ್ಟಿದ್ದು. ಅದರ ಅಲಗು ಅಗಲ, ಕತ್ತು ಸಣ್ಣ, ಆಳಕ್ಕಿಳಿಸಿ ಮೀಟಿದರೆ ಕತ್ತು ತಿರುಚುತ್ತದೆ. ಕುಂಡಗಳಲ್ಲಿ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ತುಂಬಿ ಗಿಡ ಬೆಳೆಸುವವರಿಗೆ ಕುರ್ಪಿ ಮತ್ತು ಒಂದು ಸಣ್ಣ ಕೈಸಲಿಕೆ ಸಾಕು, ಅಗೆಯುವ ಚಾಕು ಅವರಿಗೆ ಅನಗತ್ಯ ಖರ್ಚು. ನೆಲದಲ್ಲಿ ಗಿಡ ಬೆಳೆಸುವವರ ಲೆಕ್ಕ ಬೇರೆ. ವರ್ಷಕ್ಕೊಂದು ಬಾಗಿದ ಕೈಸಲಿಕೆ ಗುಜರಿಗೆ ಹಾಕುವುದಕ್ಕಿಂತ ಗಟ್ಟಿ ಕತ್ತಿನ ಒಂದು ಚಾಕು ಅಗ್ಗವೇ. ಗಟ್ಟಿ ಕತ್ತು ಆಮದಾಗಿಯೇ ಬರಬೇಕೆಂದೂ ಇಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಹಾಗಾದರೆ ದಪ್ಪವಾದಷ್ಟೂ ಒಳ್ಳೆಯದೇ ಎಂದರೆ, ಅದೂ ಸರಿಯಲ್ಲ. 5 ಮಿ.ಮೀ. ದಾಟಿದ ಅಲಗು ಒಣಗಿದ ಕೆಮ್ಮಣ್ಣಿಗೆ ಇಳಿಯುವುದೇ ಇಲ್ಲ, ಭಾರಕ್ಕೆ ಮಣಿಕಟ್ಟು ಸೋಲುತ್ತದೆ. 3ರಿಂದ 4 ಮಿ.ಮೀ. ದಪ್ಪ, ಒಟ್ಟು 300 ಗ್ರಾಂ ಆಸುಪಾಸಿನ ತೂಕ ಹೆಚ್ಚಿನವರ ಕೈಗೆ ಹೊಂದುತ್ತದೆ. ಅಲಗಿನ ತಗ್ಗು ಮೈ ಇಲ್ಲಿ ನೆರವಿಗೆ ಬರುತ್ತದೆ. ಬಾಗಿದ ಮೈಯ ಪಟ್ಟಿ ಅಷ್ಟೇ ದಪ್ಪದ ಚಪ್ಪಟೆ ಪಟ್ಟಿಗಿಂತ ಸುಲಭವಾಗಿ ಬಗ್ಗುವುದಿಲ್ಲ. ಆದರೆ ವಿಜಯಪುರ, ಗದಗದ ಕಡೆಯ ಎರೆಮಣ್ಣಿನಲ್ಲಿ ಆಳವಾದ ತಗ್ಗು ತೊಂದರೆ. ನೆನೆದರೆ ಉಬ್ಬಿ ಅಂಟುವ ಜೇಡಿ ಆ ತಗ್ಗಿನಲ್ಲಿ ಮೆತ್ತಿಕೊಂಡು ಪ್ರತಿ ಚುಚ್ಚಿಗೂ ಕೆರೆಯಬೇಕಾಗುತ್ತದೆ. ಅಲ್ಲಿಗೆ ಹೆಚ್ಚುಕಡಿಮೆ ಚಪ್ಪಟೆಯಾದ, ನಯವಾಗಿ ಉಜ್ಜಿದ ಮೈಯ ಅಲಗೇ ಸರಿ. ಕರಾವಳಿಯ ಜಂಬಿಟ್ಟಿಗೆ ನೆಲದಲ್ಲಿ ಅಗಲ ಕಡಿಮೆ ಇದ್ದು ಮೊನೆ ಚೂಪಾಗಿರಬೇಕು. ಇನ್ನು ಒಣನೆಲವನ್ನು ನೀರು ಹಾಕದೆ ಚಾಕುವಿನಿಂದ ಮೀಟುವುದು ಯಾವ ಊರಿನಲ್ಲೂ ಬೇಡ. ಹಿಂದಿನ ದಿನ ನೀರುಣಿಸಿದರೆ ಚಾಕುವೂ ಉಳಿಯುತ್ತದೆ, ಬೇರೂ ಉಳಿಯುತ್ತದೆ.

ಹಿಡಿ ದುಂಡಗಿರುವುದಕ್ಕಿಂತ ಮೊಟ್ಟೆಯಾಕಾರವಾಗಿದ್ದರೆ ಮೀಟುವಾಗ ಅಂಗೈಯಲ್ಲಿ ತಿರುಗುವುದಿಲ್ಲ. 30ರಿಂದ 35 ಮಿ.ಮೀ. ದಪ್ಪ, 12 ಸೆಂ.ಮೀ. ಉದ್ದ ಸಾಮಾನ್ಯ ಅಳತೆ. ಸಣ್ಣ ಕೈಯವರು ತೆಳುವಾದದ್ದನ್ನು ಹುಡುಕಬೇಕು, ಏಕೆಂದರೆ ಬಿಗಿಯಾಗಿ ಹಿಡಿಯಲಾಗದ ಹಿಡಿಯಿಂದ ಕೈ ಜಾರುತ್ತದೆ. ಮರದ ಹಿಡಿಯಾದರೆ ಜಾಲಿ, ದಿಂಡಿಗ ನಮ್ಮಲ್ಲಿ ಹಳೆಯ ಕಾಲದಿಂದ ಕಾವು ಹಾಕಲು ಬಳಸುವ ಮರಗಳು. ಅಗಸೆ ಎಣ್ಣೆ ಗಾಳಿಗೆ ಒಣಗಿ ಪದರವಾಗುವುದರಿಂದ ಹಿಡಿಗೆ ಅದು ಕೊಬ್ಬರಿ ಎಣ್ಣೆಗಿಂತ ವಾಸಿ. ಕತ್ತಿನ ಬಳಿ ಕೈ ತಡೆಯುವ ಒಂದು ಏಣು ಅಥವಾ ಅಡ್ಡಪಟ್ಟಿ ಇರಲೇಬೇಕು. ಒದ್ದೆ ಕೈ ಮುಂದಕ್ಕೆ ಜಾರಿದರೆ ಎರಡೂ ಬದಿ ಹರಿತ ಇರುವ ಈ ಚಾಕುವಿನಲ್ಲಿ ಬೆರಳಿಗೆ ಸುರಕ್ಷಿತ ಬದಿ ಎಂಬುದಿಲ್ಲ. ಒರೆ ಚರ್ಮದ್ದಾದರೆ ಒದ್ದೆ ಹಿಡಿದಿಟ್ಟುಕೊಂಡು ತುಕ್ಕು ತರಿಸುತ್ತದೆ, ಅಡಿಯಲ್ಲಿ ತೂತಿರುವ ಗಟ್ಟಿ ಪ್ಲಾಸ್ಟಿಕ್ಕಿನದು ಮೇಲು. ಹಿಡಿಗೆ ಕೆಂಪು ಬಣ್ಣ ಬಳಿದರೆ ಗೊಬ್ಬರದ ಗುಡ್ಡೆಯಲ್ಲಿ ಕಳೆದುಹೋಗುವುದಿಲ್ಲ. ಕಾನೂನಿನ ಭಯ ಬೇಡ: 1959ರ ಶಸ್ತ್ರಾಸ್ತ್ರ ಕಾಯ್ದೆ ಮನೆಬಳಕೆಗೆ, ಕೃಷಿಗೆ ಎಂದೇ ಮಾಡಿದ ವಸ್ತುಗಳನ್ನು ಶಸ್ತ್ರ ಎಂದು ಎಣಿಸುವುದಿಲ್ಲ, 2016ರ ನಿಯಮಗಳು ಹೇಳುವ 9 ಅಂಗುಲ ಉದ್ದ, 2 ಅಂಗುಲ ಅಗಲದ ಮಿತಿಯೊಳಗೇ ಈ ಅಲಗು ಇರುತ್ತದೆ. ಆದರೂ ತೋಟದ ಹೊರಗೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು ಬೇಡ, ವಿಮಾನದ ಕೈಚೀಲದಲ್ಲಂತೂ ಬಿಡುವುದೇ ಇಲ್ಲ.

ಕುಲುಮೆ ಇನ್ನೂ ಉರಿಯುತ್ತಿರುವ ಊರಿನವರಿಗೆ ಇನ್ನೊಂದು ದಾರಿ ತೆರೆದಿದೆ. ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟಿನ ಒಂದು ತುಂಡು ಒಯ್ದು ಕಮ್ಮಾರರಿಂದಲೇ ಬಡಿಸಬಹುದು. ಆ ಉಕ್ಕಿನಲ್ಲಿ ಶೇ 0.5ರಿಂದ 0.6ರಷ್ಟು ಇಂಗಾಲ ಇರುತ್ತದೆ. ವರ್ಷಗಟ್ಟಲೆ ಬಾಗಿ ನೆಟ್ಟಗಾಗುವುದಕ್ಕೆಂದೇ ಮಾಡಿದ್ದು, ಅಗೆಯುವ ಚಾಕುವಿಗೆ ಹೇಳಿ ಮಾಡಿಸಿದ ಹಾಗಿದೆ. ಸೀಳು ಬಿಟ್ಟ ಪ್ಲೇಟು ಮಾತ್ರ ಬೇಡ. ಅಳತೆಯನ್ನು ರಟ್ಟಿನಲ್ಲಿ ಕತ್ತರಿಸಿ ಕೊಡಿ: ಅಲಗು 17 ಸೆಂ.ಮೀ., ಹಿಡಿಯ ಭಾಗ 12 ಸೆಂ.ಮೀ., ಕತ್ತಿನಲ್ಲಿ 30 ಮಿ.ಮೀ.ಗಿಂತ ಕಡಿಮೆಯಾಗದ ಅಗಲ, ಎಲ್ಲೂ ಚೌಕ ಮೂಲೆಯಿಲ್ಲದ ದುಂಡು ತಿರುವು, ಯಾಕೆಂದರೆ ಬಿರುಕು ಹುಟ್ಟುವುದು ಮೂಲೆಯಲ್ಲಿ. ಹದದ ಬಗ್ಗೆ ಎರಡು ಮಾತು ಬಿಡಿಸಿ ಹೇಳಬೇಕು. ಈ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಸೀಳಬಹುದು, ಎಣ್ಣೆಗೆ ಅದ್ದಿಸಿ. ಅದ್ದುವಾಗ ಅಲಗಿನ ಜೊತೆ ಕತ್ತೂ ಮುಳುಗಲಿ. ಹದ ಹಿಡಿಯದ ಕತ್ತು ಮೀಟುವಾಗ ಬಾಗಿ ಹಾಗೇ ಉಳಿದುಬಿಡುತ್ತದೆ. ಆಮೇಲೆ ಅಲಗು, ಕತ್ತು ಎರಡನ್ನೂ ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ನಿಧಾನವಾಗಿ ಕಾಯಿಸಿದರೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ ಬಣ್ಣ ಮೂಡುತ್ತದೆ. 300 ಡಿಗ್ರಿಯ ಹೊತ್ತಿಗೆ ನೀಲಿ ಬಂದಾಗ ಒಲೆಯಿಂದ ತೆಗೆಯಬೇಕು. ಹಿಡಿ ಹಾಕಿಸುವ ಮೊದಲು, ಅಲ್ಲೇ ಕುಲುಮೆಯ ಮುಂದೆ, ಅಲಗನ್ನು ಮರದ ದಿಮ್ಮಿಯ ಸಂದಿಗೆ ಸಿಕ್ಕಿಸಿ ಹತ್ತು ಹದಿನೈದು ಡಿಗ್ರಿ ಬಗ್ಗಿಸಿ ಬಿಡಿ. ನೆಟ್ಟಗೆ ಮರಳಿದರೆ ಹಿಡಿ ಹಾಕಿಸಿ. ಬಾಗಿದ್ದು ಬಾಗಿದಂತೆ ಉಳಿದರೆ ಹದ ಹಿಡಿದಿಲ್ಲ, ಅದೇ ತುಂಡನ್ನು ಮತ್ತೆ ಕಾಯಿಸಿ ಎಣ್ಣೆಗಿಳಿಸಬಹುದು. ಸೀಳಿದರೆ ಹದ ಅತಿಯಾಗಿದೆ ಎಂದರ್ಥ. ಹೊಸ ತುಂಡು ಕೊಟ್ಟು, ಈ ಸಲ ನೀಲಿ ಪೂರ್ತಿ ಬರುವವರೆಗೆ ಕಾಯಲು ಹೇಳಿ.